ಟ್ರಂಕಿನಲ್ಲಿರುವ ನೆಗೆಟಿವ್, ಮೂವಿ ರೀಲುಗಳನ್ನು ಮನೆಯಲ್ಲೇ ಕಂಪ್ಯೂಟರಿಗೆ ಇಳಿಸುವುದು ಹೇಗೆ?

ಬಳ್ಳಾರಿ ಕೌಲ್ ಬಜಾರಿನಲ್ಲಿ ನಮ್ಮದು ಹಳೇ ಮಾಳಿಗೆ ಮನೆ. ಎರಡು ವರ್ಷದ ಹಿಂದೆ ಅದನ್ನು ಕೆಡವಿ ಆರ್‌ಸಿಸಿ ಹಾಕಿಸಲು ಸಾಮಾನು ಹೊರಗಿಡುತ್ತಿದ್ದಾಗ ಒಂದು ತಗಡಿನ ಟ್ರಂಕ್ ಸಿಕ್ಕಿತು. ಒಳಗೆ ಸ್ಟುಡಿಯೋದವರು ಕೊಡುತ್ತಿದ್ದ ಕಾಗದದ ಕವರುಗಳು, ಕವರಿನಲ್ಲಿ ಅಪ್ಪ ತೆಗೆದ ಫೋಟೋಗಳ ನೆಗೆಟಿವ್. ಜೊತೆಗೆ ಒಂದು ಸ್ವೀಟ್ ಡಬ್ಬಿ, ಅದರೊಳಗೆ ಏಳು ಸಣ್ಣ ಮೂವಿ ರೀಲು. ಅವು ಸೋದರಮಾವನವು. ಕುವೈತಿನಲ್ಲಿ ಕೆಲಸಕ್ಕಿದ್ದಾಗ ಒಂದು ಸೂಪರ್ 8 ಕ್ಯಾಮೆರಾ, ಅಂದರೆ 8 ಎಂಎಂ ಅಗಲದ ಫಿಲ್ಮಿನಲ್ಲಿ ಮನೆಮಂದಿಯ ಮೂವಿ ತೆಗೆಯುವಂಥದ್ದು, ತಂದಿದ್ದರು. ಎಲ್ಲದರ ಮೇಲೂ ಮಾಳಿಗೆಯಿಂದ ಉದುರಿದ ಮಣ್ಣು ಒಂದು ಪದರ ಕೂತಿತ್ತು.

ಮೊದಲು ಬೇರೆ ಊರಿನ ಒಂದು ಅಂಗಡಿಗೆ ಐದು ಸ್ಟ್ರಿಪ್ ಕಳಿಸಿ ನೋಡಿದೆ. ವಾಪಸ್ ಬಂದ ಫೋಟೋಗಳ ನಾಲ್ಕೂ ಅಂಚು ಕತ್ತರಿಸಿದ್ದವು, ಸೈಜು ವಾಟ್ಸಾಪ್ ಫಾರ್ವರ್ಡಿನಷ್ಟು. ಇದಕ್ಕಿಂತ ನಾವೇ ಮಾಡಿಕೊಂಡರಾಯಿತು ಅಂತ ಕೂತೆ. ಸುಮಾರು ಆರುನೂರು ಫೋಟೋ, ಆರು ರೀಲು ಮುಗಿದಿವೆ. ಕಷ್ಟದ ಕೆಲಸವೇನಲ್ಲ, ಆದರೆ ತಾಳ್ಮೆ ಬೇಕು. ನಮ್ಮ ಕಡೆ ಮಾತ್ರ ಒಂದು ತೊಂದರೆ ಜಾಸ್ತಿ: ಧೂಳು. ಮುಕ್ಕಾಲು ಪಾಲು ಕೆಲಸ ಅದರ ಜೊತೆಗಿನ ಗುದ್ದಾಟ.

ಮೊದಲು, ಕೈಯಲ್ಲಿರುವುದು ಏನು ಅಂತ ನೋಡಿ

ಒಂದು ಸ್ಕೇಲ್ ತಗೊಳ್ಳಿ. ಎರಡೂ ಅಂಚಿನಲ್ಲಿ ಚೌಕದ ತೂತುಗಳಿದ್ದು, ಒಂದೊಂದು ಚಿತ್ರ 36 x 24 ಮಿಲಿಮೀಟರ್ ಇದ್ದರೆ ಅದು 35 ಎಂಎಂ. ಬಹುತೇಕ ಮನೆಗಳಲ್ಲಿ ಸಿಗುವುದು ಇದೇ. ಚಿತ್ರ ಅಂಚೆಚೀಟಿಗಿಂತ ಚಿಕ್ಕದು, 17 x 13 ಮಿಲಿಮೀಟರ್ ಇದ್ದರೆ 110. ಕೊಡಾಕ್ 1972ರಲ್ಲಿ ತಂದ ಉದ್ದನೆ ಪೆಟ್ಟಿಗೆಯಂಥ ಪಾಕೆಟ್ ಕ್ಯಾಮೆರಾಗಳದ್ದು. ತೂತೇ ಇಲ್ಲದ, ಸುಮಾರು ಆರು ಸೆಂಟಿಮೀಟರ್ ಅಗಲದ ದೊಡ್ಡ ನೆಗೆಟಿವ್ ಇದ್ದರೆ 120. ನಿಮ್ಮ ಅಪ್ಪನೋ ಚಿಕ್ಕಪ್ಪನೋ ಆಗ್ಫಾ ಕ್ಲಿಕ್ 3 ಇಟ್ಟುಕೊಂಡಿದ್ದರೆ ಇದು ಇದ್ದೇ ಇರುತ್ತದೆ, ಒಂದು ರೀಲಿಗೆ ಹನ್ನೆರಡೇ ಫೋಟೋ. ನಮ್ಮ ಟ್ರಂಕಿನಲ್ಲಿ ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್‌ನ ‘ಇಂದು’ ಕಪ್ಪುಬಿಳುಪು ಫಿಲ್ಮಿನ ಖಾಲಿ ಡಬ್ಬಿಗಳೂ ಇದ್ದವು. ಅಪ್ಪ ಅದರಲ್ಲಿ ಗುಂಡುಪಿನ್ನು ಹಾಕಿಡುತ್ತಿದ್ದರು.

ಮೂವಿ ರೀಲಿನಲ್ಲಿ 8 ಎಂಎಂ ಅಂದರೆ ಎರಡು ಜಾತಿ. 1932ರಲ್ಲಿ ಬಂದ ರೆಗ್ಯುಲರ್ 8ರಲ್ಲಿ ತೂತು ದೊಡ್ಡದು, ಎರಡು ಚಿತ್ರಗಳ ನಡುವಿನ ಗೆರೆಯ ಪಕ್ಕ ಇರುತ್ತದೆ. 1965ರ ಸೂಪರ್ 8ರಲ್ಲಿ ತೂತು ಚಿಕ್ಕದು, ಚಿತ್ರದ ನಟ್ಟನಡುವಿನ ಪಕ್ಕ ಇರುತ್ತದೆ. ರೀಲಿನ ನಡುವಿನ ರಂಧ್ರ ನೋಡಿದರೂ ಗೊತ್ತಾಗುತ್ತದೆ: ಸೂಪರ್ 8ದು ದೊಡ್ಡದು. ಇವೆರಡನ್ನು ಅದಲುಬದಲು ಮಾಡಿ ಮೆಷಿನ್ನಿಗೆ ಹಾಕಿದರೆ ತೂತು ಹರಿದುಹೋಗುತ್ತದೆ, ಹುಷಾರು.

ಮುಂದಕ್ಕೆ ಹೋಗುವ ಮುಂಚೆ ಮೂಸಿ ನೋಡಿ. ತಮಾಷೆ ಅಲ್ಲ. ಗೋಬಿ ಮಂಚೂರಿ ಗಾಡಿಯ ಹತ್ತಿರ ಬರುವ ವಿನೆಗರ್ ವಾಸನೆ ಡಬ್ಬಿಯಿಂದ ಬಂದರೆ ಫಿಲ್ಮಿನ ಅಸಿಟೇಟ್ ಪಟ್ಟಿ ಕೊಳೆಯಲು ಶುರುವಾಗಿದೆ ಅಂತ ಅರ್ಥ. ಶಾಖ ಮತ್ತು ತೇವ ಇದನ್ನು ಬೇಗ ಬೆಳೆಸುತ್ತವೆ. ಫಿಲ್ಮು ಕುಗ್ಗುತ್ತದೆ, ಸುರುಳಿ ಸುತ್ತಿಕೊಳ್ಳುತ್ತದೆ. ಆ ಆವಿ ಪಕ್ಕದ ರೀಲುಗಳಿಗೂ ಹತ್ತುವುದರಿಂದ ಅಂಥದನ್ನು ಬೇರೆ ಇಡಿ, ಮೊದಲು ಅದನ್ನೇ ಇಳಿಸಿಕೊಳ್ಳಿ. ಇನ್ನೊಂದು ಮಾತು. ನಿಮ್ಮ ತಾತನವರು ಟೂರಿಂಗ್ ಟಾಕೀಸಿನಲ್ಲಿದ್ದು, 1950ಕ್ಕೂ ಹಿಂದಿನ 35 ಎಂಎಂ ಸಿನಿಮಾ ರೀಲೇನಾದರೂ ಮನೆಯಲ್ಲಿದ್ದರೆ ಮುಟ್ಟಬೇಡಿ. ಅದು ನೈಟ್ರೇಟ್ ಫಿಲ್ಮ್ ಆಗಿರಬಹುದು. ಹೊತ್ತಿಕೊಂಡರೆ ನೀರು ಹಾಕಿದರೂ ಆರುವುದಿಲ್ಲ. ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯದವರನ್ನು ಕೇಳಿ. 8 ಎಂಎಂ ರೀಲುಗಳಿಗೆ ಈ ಭಯ ಇಲ್ಲ, ಅವೆಲ್ಲ ಸುಲಭಕ್ಕೆ ಹೊತ್ತಿಕೊಳ್ಳದ ಸೇಫ್ಟಿ ಫಿಲ್ಮ್.

ಧೂಳು

ಬಳ್ಳಾರಿ, ಸಂಡೂರು ಕಡೆಯ ಕೆಂಪು ಧೂಳನ್ನು ನಿಮಗೆ ವಿವರಿಸಬೇಕಾಗಿಲ್ಲ. ಬೆಳಿಗ್ಗೆ ಒರೆಸಿದ ಟೀವಿಯ ಮೇಲೆ ಸಂಜೆ ಹೆಸರು ಬರೆಯಬಹುದು. ಸ್ಕ್ಯಾನ್ ಮಾಡಿದಾಗ ಅದರ ಒಂದೊಂದು ಕಣವೂ ಸಾಸಿವೆ ಕಾಳಿನಷ್ಟಾಗಿ ಕಾಣುತ್ತದೆ. ಸೂಪರ್ 8ರ ಒಂದು ಚಿತ್ರ ಆರು ಮಿಲಿಮೀಟರ್ ಅಗಲವೂ ಇಲ್ಲ. ಅದನ್ನು ಟೀವಿಯಷ್ಟು ಹಿಗ್ಗಿಸಿದರೆ ಕಣ್ಣಿಗೆ ಕಾಣದ ಒಂದು ನೂಲು ಹಗ್ಗದಂತೆ ಅಡ್ಡ ಬಿದ್ದಿರುತ್ತದೆ.

ಅದಕ್ಕೆ ನಾನು ಕಂಡುಕೊಂಡ ದಾರಿ ಇದು. ಬೆಳಿಗ್ಗೆ ಐದಕ್ಕೆ ಏಳುವುದು. ಹೊರಗೆ ಲಾರಿ ಓಡಾಟ ಶುರುವಾಗಿರುವುದಿಲ್ಲ. ಕಿಟಕಿ ಮುಚ್ಚಿ, ಒದ್ದೆ ಬಟ್ಟೆಯಿಂದ ನೆಲ ಮತ್ತು ಮೇಜು ಒರೆಸಿ, ಹದಿನೈದು ನಿಮಿಷ ಸುಮ್ನೆ ಬಿಟ್ಟುಬಿಡಿ. ಗಾಳಿಯಲ್ಲಿದ್ದ ಧೂಳು ಕೆಳಗೆ ಕೂರುತ್ತದೆ. ಕಸಬರಿಗೆ ಮುಟ್ಟಬೇಡಿ, ಗುಡಿಸಿದರೆ ಎಲ್ಲ ಮತ್ತೆ ಮೇಲೇಳುತ್ತದೆ. ಫ್ಯಾನ್ ಹಾಕುವಂತಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಫ್ಯಾನ್ ಇಲ್ಲದೆ ಬಳ್ಳಾರಿಯಲ್ಲಿ ಕೂರೋದು ಎಂಥ ತಪಸ್ಸು ಅಂತ ಗೊತ್ತಲ್ವಾ? ಬೆವರಿನ ಹನಿ ನೆಗೆಟಿವ್ ಮೇಲೆ ಬಿದ್ದು ಇನ್ನೊಂದು ಕಥೆ ಆಗುತ್ತದೆ. ಆದ್ದರಿಂದ ಎಂಟು ಗಂಟೆಗೆ ಮುಗಿಸಿ ಎದ್ದುಬಿಡಿ. ಬೇಸಿಗೆಯ ಒಣ ಹವೆಯಲ್ಲಿ ಇನ್ನೊಂದು ಪೀಡೆ ಸ್ಟ್ಯಾಟಿಕ್ ಕರೆಂಟು. ಒರೆಸಿದಷ್ಟೂ ಫಿಲ್ಮು ಧೂಳನ್ನು ಎಳೆದುಕೊಳ್ಳುತ್ತದೆ. ಪಕ್ಕದಲ್ಲಿ ಒದ್ದೆ ಟವೆಲ್ ನೇತುಹಾಕಿದರೆ ಸ್ವಲ್ಪ ಕಡಿಮೆಯಾಗುತ್ತದೆ. ಮನೆಯಲ್ಲಿ ಕಡಿಮೆ ಧೂಳಿರುವ ಜಾಗ ಬಚ್ಚಲುಮನೆ. ನಾನು ಮೇಜನ್ನು ಅಲ್ಲಿಗೇ ಒಯ್ದು ಕೆಲಸ ಮಾಡಿದ್ದೂ ಇದೆ. ಮನೆಯವರು ಬಾಗಿಲು ಬಡಿಯುತ್ತಿದ್ದರು, ಅದು ಬೇರೆ ಮಾತು.

ಫಿಲ್ಮನ್ನು ಅಂಚು ಹಿಡಿದೇ ಎತ್ತಬೇಕು. ಬೆರಳಚ್ಚು ಬಿದ್ದರೆ ಆ ಎಣ್ಣೆ ಸುಲಭಕ್ಕೆ ಹೋಗುವುದಿಲ್ಲ. ಕ್ಯಾಮೆರಾ ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ಲೋವರ್‌ನಿಂದ ಎರಡೂ ಕಡೆ ಊದಿ. ಬಾಯಿಂದ ಊದಬೇಡಿ, ಉಗುಳು ಹಾರುತ್ತದೆ. ಆಮೇಲೆ ಮೆತ್ತನೆ ಬ್ರಷ್. ಅದಕ್ಕೂ ಜಗ್ಗದ ಜಿಡ್ಡಿದ್ದರೆ ಮಾತ್ರ ಐಸೊಪ್ರೊಪೈಲ್ ಆಲ್ಕೋಹಾಲ್. ಮೊಬೈಲ್ ರಿಪೇರಿ ಅಂಗಡಿಯವರು ಬೋರ್ಡ್ ತೊಳೆಯಲು ಇದನ್ನೇ ಇಟ್ಟುಕೊಂಡಿರುತ್ತಾರೆ. ಬಾಟಲಿ ಮೇಲೆ 99 ಪರ್ಸೆಂಟ್ ಅಂತ ಇದೆಯಾ ನೋಡಿ. ನೂಲು ಬಿಡದ ಬಟ್ಟೆಗೆ ಎರಡು ಹನಿ ಹಾಕಿ, ಮೊದಲು ಬೇಡದ ಒಂದು ಫ್ರೇಮಿನ ಅಂಚಿನಲ್ಲಿ ಪರೀಕ್ಷಿಸಿ, ಆಮೇಲೆ ಒಂದೇ ದಿಕ್ಕಿಗೆ ಹಗುರಾಗಿ ಎಳೆಯಿರಿ. ಸ್ಯಾನಿಟೈಸರ್ ಬೇಡ, ಅದರಲ್ಲಿ ನೀರು ಮತ್ತು ಅಂಟು ಇರುತ್ತದೆ. ಉಗುರುಬಣ್ಣ ತೆಗೆಯುವ ದ್ರವವಂತೂ ಬೇಡವೇ ಬೇಡ. ಅದರಲ್ಲಿ ಅಸಿಟೋನ್ ಇದ್ದರೆ ಫಿಲ್ಮೇ ಕರಗುತ್ತದೆ.

ಬೂಷ್ಟು ಹಿಡಿದ ನೆಗೆಟಿವ್‌ಗೆ ನೀರು ತಾಗಿಸಬೇಡಿ. ಇದನ್ನು ನಾನು ಕಳಕೊಂಡು ಕಲಿತೆ. ಮಾವನ ಮದುವೆಯ ಒಂದು ಸ್ಟ್ರಿಪ್ ಮೇಲೆ ಜೇಡರ ಬಲೆಯಂತೆ ಬಿಳಿ ಎಳೆಗಳಿದ್ದವು. ಹತ್ತಿಯನ್ನು ನೀರಿಗೆ ಅದ್ದಿ ಒರೆಸಿದೆ. ಕಾದ ಹಾಲಿನ ಕೆನೆ ಚಮಚಕ್ಕೆ ಬರುವ ಹಾಗೆ ಚಿತ್ರದ ಪದರ ಹತ್ತಿಗೆ ಬಂತು. ಬಾಸಿಂಗ ಉಳಿಯಿತು, ಕೆಳಗಿದ್ದ ಮಾವನ ಮುಖ ಹೋಯಿತು. ಚಿತ್ರ ಇರುವುದು ಜಿಲೆಟಿನ್ ಪದರದಲ್ಲಿ. ಬೂಷ್ಟು ಅದನ್ನೇ ತಿಂದು ಬೆಳೆಯುತ್ತದೆ, ತಿಂದ ಜಾಗ ನೀರಿಗೆ ಕರಗುತ್ತದೆ. ಒಣ ಬ್ರಷ್ ಆಡಿಸಿ, ಇದ್ದದ್ದು ಇದ್ದ ಹಾಗೇ ಸ್ಕ್ಯಾನ್ ಮಾಡಿ. ಕಲೆಯನ್ನು ಕಂಪ್ಯೂಟರಿನಲ್ಲಿ ತೆಗೆಯಬಹುದು.

ಫೋಟೋ ನೆಗೆಟಿವ್‌ಗಳನ್ನು ಇಳಿಸುವುದು

ಎರಡು ದಾರಿ: ಸ್ಕ್ಯಾನರ್ ಅಥವಾ ಕ್ಯಾಮೆರಾ.

ಸ್ಕ್ಯಾನರ್ ಅಂದರೆ ಆಧಾರ್ ಕಾಪಿ ತೆಗೆಯುವ ಮೆಷಿನ್ ಅಲ್ಲ. ಮುಚ್ಚಳದಲ್ಲೂ ಲೈಟ್ ಇರುವಂಥದ್ದು ಬೇಕು, ಎಪ್ಸನ್ ವಿ600 ತರಹದ್ದು. ಬೆಳಕು ಫಿಲ್ಮಿನ ಮೂಲಕ ಹಾದುಬರಬೇಕಲ್ಲ. 35 ಎಂಎಂಗೆ 2400 ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ ಅನ್ನುವ ಲೆಕ್ಕ) ಇಟ್ಟರೆ ಸುಮಾರು 3400 x 2270 ಪಿಕ್ಸೆಲ್, ಅಂದರೆ 7.7 ಮೆಗಾಪಿಕ್ಸೆಲ್ ಸಿಗುತ್ತದೆ. ಮನೆ ಫೋಟೋಗೆ ಇದು ಸಾಕು. 110 ಇದ್ದರೆ 3200 ಇಡಿ. ಡಬ್ಬಿ ಮೇಲೆ ಬರೆದಿರುವ ದೊಡ್ಡ ದೊಡ್ಡ ಡಿಪಿಐ ಸಂಖ್ಯೆಗಳನ್ನು ನಂಬಿ ಹೋದರೆ ಫೈಲು ದಪ್ಪವಾಗುತ್ತದೆ, ಚಿತ್ರ ಚೂಪಾಗುವುದಿಲ್ಲ. ಇನ್‌ಫ್ರಾರೆಡ್ ಬೆಳಕಿನಿಂದ ಧೂಳು ಹುಡುಕಿ ಅಳಿಸುವ ಸೌಲಭ್ಯ ಇದ್ದರೆ ಕಲರ್ ನೆಗೆಟಿವ್‌ಗೆ ಬಳಸಿ. ಕಪ್ಪುಬಿಳುಪಿಗೆ ಆಫ್ ಮಾಡಿ. ಅದರಲ್ಲಿ ಚಿತ್ರ ಬೆಳ್ಳಿಯದ್ದು, ಇನ್‌ಫ್ರಾರೆಡ್‌ಗೆ ಅದೂ ಧೂಳಿನಂತೆಯೇ ಕಾಣುತ್ತದೆ.

ನನಗೆ ಇಷ್ಟವಾದದ್ದು ಕ್ಯಾಮೆರಾ ದಾರಿ. ಮದುವೆ ಫೋಟೋಗ್ರಾಫರ್ ಗೆಳೆಯನಿಂದ ಕ್ಯಾಮೆರಾ, ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ ಎರಡು ವಾರ ಕೇಳಿ ತಂದೆ. ಆಷಾಢದಲ್ಲಿ ಕೇಳಿ, ಕೊಡುತ್ತಾರೆ. ಸ್ಕ್ಯಾನರಿನಲ್ಲಿ ಒಂದು ಫ್ರೇಮಿಗೆ ನಿಮಿಷಗಟ್ಟಲೆ ಕಾಯಬೇಕು. ಇಲ್ಲಿ ಎಲ್ಲ ಜೋಡಿಸಿದ ಮೇಲೆ ಒಂದು 36ರ ರೀಲು ಹದಿನೈದು ನಿಮಿಷಕ್ಕೆ ಮುಗಿಯುತ್ತದೆ. ಕರೆಂಟ್ ಹೋದರೂ ಕ್ಯಾಮೆರಾ ಬ್ಯಾಟರಿ ಇರುತ್ತದೆ.

ಜೋಡಿಸುವುದು ಹೀಗೆ. ಮೇಜಿನ ಮೇಲೆ ಎಲ್‌ಇಡಿ ಲೈಟ್ ಪ್ಯಾನೆಲ್. ಕೊಳ್ಳುವಾಗ ಸಿಆರ್‌ಐ (ಆ ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವ ಅಂಕ) 95ಕ್ಕಿಂತ ಜಾಸ್ತಿ ಇದೆಯಾ ನೋಡಿ, ಇಲ್ಲದಿದ್ದರೆ ಬಣ್ಣ ಸರಿಬರುವುದಿಲ್ಲ. ಅದರ ಮೇಲೆ ಫಿಲ್ಮನ್ನು ಚಪ್ಪಟೆಯಾಗಿ ಹಿಡಿಯುವ ಹೋಲ್ಡರ್. ಸುತ್ತ ಸೋರುವ ಬೆಳಕಿಗೆ ಕಪ್ಪು ಡ್ರಾಯಿಂಗ್ ಶೀಟ್ ಕತ್ತರಿಸಿ ಮುಚ್ಚಿ. ಬಳ್ಳಾರಿಯಲ್ಲವಾ, ನಾನು ಜೀನ್ಸ್ ಹೊಲಿಯುವ ಪಕ್ಕದ ಮನೆಯಿಂದ ಕಪ್ಪು ಡೆನಿಮ್ ತುಂಡು ತಂದು ಹಾಕಿದ್ದೆ. ಅದರ ನೂಲು ನಲವತ್ತು ಫೋಟೋಗಳಲ್ಲಿ ಬಂದಿದೆ. ಮೇಲಿನಿಂದ ಕೆಳಕ್ಕೆ ನೋಡುವಂತೆ ಕ್ಯಾಮೆರಾ ಕಟ್ಟಿ. ಈಗ ಫಿಲ್ಮ್ ಇಡುವ ಜಾಗದಲ್ಲಿ ಒಂದು ಚಿಕ್ಕ ಕನ್ನಡಿ ಇಟ್ಟು ಕ್ಯಾಮೆರಾದಲ್ಲಿ ನೋಡಿ. ಲೆನ್ಸಿನ ಬಿಂಬ ಸರಿಯಾಗಿ ನಡುವೆ ಕಂಡರೆ ಕ್ಯಾಮೆರಾ ಓರೆ ಇಲ್ಲ. ಪಕ್ಕಕ್ಕೆ ಸರಿದಿದ್ದರೆ ಫೋಟೋದ ಒಂದು ಮೂಲೆ ಮಸುಕಾಗುತ್ತದೆ.

ಸೆಟ್ಟಿಂಗ್: ಮ್ಯಾನುಯಲ್, ಐಎಸ್‌ಒ 100, ಎಫ್ 8, ರಾ ಫೈಲ್ (ಕ್ಯಾಮೆರಾ ಕುಗ್ಗಿಸದೆ, ತಿದ್ದದೆ ಕೊಡುವ ಫೈಲು), ಎರಡು ಸೆಕೆಂಡಿನ ಟೈಮರ್. ಫೋಕಸ್ ಅನ್ನು ಹಿಗ್ಗಿಸಿ ನೋಡಿ ಫಿಲ್ಮಿನ ಕಾಳಿಗೆ, ಅಂದರೆ ಹಿಗ್ಗಿಸಿದಾಗ ಕಾಣುವ ಸಣ್ಣ ಮರಳಿನಂಥ ಚುಕ್ಕಿಗಳಿಗೆ ಹಿಡಿಸಿ. ಮುಖಕ್ಕೆ ಹಿಡಿಸಬೇಡಿ, ಮುಖ ಮೂಲದಲ್ಲೇ ಮಸುಕಾಗಿರಬಹುದು. ಒಂದು ರೀಲಿಗೆ ಒಂದೇ ಎಕ್ಸ್‌ಪೋಷರ್, ಒಂದೇ ವೈಟ್ ಬ್ಯಾಲೆನ್ಸ್ ಇರಲಿ. ಅಂಚಿನ ಖಾಲಿ ಕಿತ್ತಳೆ ಪಟ್ಟಿಯನ್ನೂ ಸ್ವಲ್ಪ ಸೇರಿಸಿಯೇ ತೆಗೆಯಿರಿ, ಮುಂದೆ ಬೇಕಾಗುತ್ತದೆ.

ಕ್ಯಾಮೆರಾ ಸಿಗಲಿಲ್ಲವಾ? ಫೋನಿನಲ್ಲೂ ಆಗುತ್ತದೆ. ಟ್ಯಾಬ್ಲೆಟ್ಟಿನಲ್ಲಿ ಪೂರ್ತಿ ಬಿಳಿ ಪರದೆ ತೆರೆದು, ಅದಕ್ಕಿಂತ ಮೂರ್ನಾಲ್ಕು ಸೆಂಟಿಮೀಟರ್ ಮೇಲೆ ಫಿಲ್ಮ್ ಹಿಡಿಸಿ. ಪರದೆಗೆ ಅಂಟಿಸಿದರೆ ಅದರ ಚುಕ್ಕಿಗಳೂ ಫೋಟೋದಲ್ಲಿ ಬರುತ್ತವೆ. ವಾಟ್ಸಾಪಿಗೆ ಸಾಕು, ಫ್ರೇಮ್ ಹಾಕಿಸಲು ಸಾಲದು.

ಕಪ್ಪನ್ನು ಬಿಳುಪು ಮಾಡುವುದು

ಕಪ್ಪುಬಿಳುಪಿನದು ಸುಲಭ, ಯಾವ ಸಾಫ್ಟ್‌ವೇರಿನಲ್ಲಾದರೂ ‘ಇನ್ವರ್ಟ್’ ಒತ್ತಿದರೆ ಮುಗಿಯಿತು. ಕಲರ್ ನೆಗೆಟಿವ್ ಮೇಲೆ ಕಿತ್ತಳೆ ಬಣ್ಣದ ಮುಸುಕಿರುವುದರಿಂದ ಸುಮ್ನೆ ತಿರುಗಿಸಿದರೆ ಎಲ್ಲರೂ ನೀಲಿಗಟ್ಟಿ ಕಾಣುತ್ತಾರೆ. ಡಾರ್ಕ್‌ಟೇಬಲ್ ಅನ್ನುವ ಉಚಿತ ಸಾಫ್ಟ್‌ವೇರಿನಲ್ಲಿ ‘ನೆಗಡಾಕ್ಟರ್’ ಅಂತ ಒಂದು ಭಾಗ ಇದೆ. ಅದರಲ್ಲಿ ಮೊದಲು ಆ ಖಾಲಿ ಕಿತ್ತಳೆ ಅಂಚನ್ನು ತೋರಿಸಬೇಕು. ಮುಸುಕು ಎಷ್ಟು ಅಂತ ಅದು ಅಲ್ಲಿಂದ ತಿಳಿದುಕೊಂಡು ಕಳೆಯುತ್ತದೆ. ಒಂದು ಫೋಟೋ ಸರಿಮಾಡಿ ಅದೇ ಲೆಕ್ಕವನ್ನು ಇಡೀ ರೀಲಿಗೆ ಅಂಟಿಸಿ.

ಇನ್ನು ಎಡಬಲದ ಪ್ರಶ್ನೆ. ಫಿಲ್ಮಿನ ಒಂದು ಬದಿ ಹೊಳೆಯುತ್ತದೆ, ಇನ್ನೊಂದು ಮಂಕು. ಮಂಕು ಬದಿ ಲೆನ್ಸಿನ ಕಡೆ ಇದ್ದರೆ ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿರುತ್ತದೆ. ನಾನೊಂದು ಜಾಣತನ ಮಾಡಿದೆ. ಅಜ್ಜಿಯ ಫೋಟೋದಲ್ಲಿ ಸೆರಗು ಬಲಗಡೆ ಇತ್ತು. ಓಹೋ ತಿರುಗಿದೆ ಅಂತ ಆ ಇಡೀ ರೀಲನ್ನು ತಿರುಗಿಸಿ ಸೇವ್ ಮಾಡಿ ಅವ್ವನಿಗೆ ತೋರಿಸಿದೆ. ಅವ್ವ ಕನ್ನಡಕ ಏರಿಸಿ ನೋಡಿ, “ಏನಪ್ಪಾ ಇದು, ನಮ್ಮತ್ತಿ ಯಾವಾಗ ಎಡ ಸೆರಗು ಹಾಕ್ಕಂಡಿದ್ಲು? ಸಾಯೋ ತನಕ ಬಲ ಸೆರಗೇ ಆಕೀದು” ಅಂದರು. ಮತ್ತೆ ಮೂವತ್ತಾರನ್ನೂ ತಿರುಗಿಸಿದೆ. ಸೆರಗು ನಂಬಬೇಡಿ. ಫಿಲ್ಮಿನ ಅಂಚಿನಲ್ಲಿ ಕಂಪನಿ ಹೆಸರು, ನಂಬರ್ ಅಚ್ಚಾಗಿರುತ್ತವೆ. ಅವನ್ನು ನೇರವಾಗಿ ಓದಲು ಬಂದರೆ ಚಿತ್ರವೂ ನೇರ ಇದೆ.

ಮೂವಿ ರೀಲು

50 ಅಡಿಯ ಒಂದು ಸೂಪರ್ 8 ರೀಲಿನಲ್ಲಿ 3600 ಚಿತ್ರಗಳಿವೆ. ಸೆಕೆಂಡಿಗೆ 18ರಂತೆ ಓಡಿಸಿದರೆ 3 ನಿಮಿಷ 20 ಸೆಕೆಂಡ್. ಅಷ್ಟಕ್ಕೇ ಮಾವ ಎಷ್ಟು ದುಡ್ಡು ಸುರಿದರೋ.

ಹಳೇ ಪ್ರೊಜೆಕ್ಟರ್ ಮನೆಯಲ್ಲಿದ್ದರೆ ಅದಕ್ಕೆ ಸೀದಾ ಒಳ್ಳೆ ರೀಲು ಹಾಕಬೇಡಿ. ಮೊದಲು ಬೆಲ್ಟು, ಹಲ್ಲುಚಕ್ರ ನೋಡಿ, ಬೇಡದ ಒಂದು ತುಂಡು ಓಡಿಸಿ. ಓಡುತ್ತಾ ಓಡುತ್ತಾ ಫಿಲ್ಮ್ ಸಿಕ್ಕಿಕೊಂಡರೆ ಬಲ್ಬಿನ ಬಿಸಿಗೆ ಆ ಫ್ರೇಮ್ ಗುಳ್ಳೆ ಎದ್ದು ಕರಗುತ್ತದೆ. ಸರಿಯಾಗಿ ಓಡಿತು ಅಂದರೆ ಎ4 ಅಳತೆಯ ಹೊಳಪಿಲ್ಲದ ಬಿಳಿ ಹಾಳೆ ಮೇಲೆ ಚಿಕ್ಕದಾಗಿ ಬಿಟ್ಟು, ಪಕ್ಕದಿಂದ ಫೋನಿನಲ್ಲಿ ರೆಕಾರ್ಡ್ ಮಾಡಬಹುದು. ಆದರೆ ಸುಮ್ನೆ ರೆಕಾರ್ಡ್ ಮಾಡಿದರೆ ಚಿತ್ರ ಟ್ಯೂಬ್‌ಲೈಟ್ ಕೆಟ್ಟ ಹಾಗೆ ಮಿಣುಕುತ್ತದೆ. ಪ್ರೊಜೆಕ್ಟರಿನ ಶಟರ್ ಸಾಮಾನ್ಯವಾಗಿ ಪ್ರತಿ ಚಿತ್ರವನ್ನು ಮೂರು ಸಲ ಮುಚ್ಚಿ ತೆರೆಯುತ್ತದೆ. ಸೆಕೆಂಡಿಗೆ 18 ಚಿತ್ರ ಅಂದರೆ 54 ಮಿಣುಕು. ಫೋನು 25ರ ಲೆಕ್ಕದಲ್ಲಿ ತೆಗೆಯುತ್ತಿದ್ದರೆ ಎರಡಕ್ಕೂ ತಾಳ ಕೂಡುವುದಿಲ್ಲ. ಪ್ರೊಜೆಕ್ಟರಿಗೆ ವೇಗದ ಗುಂಡಿ ಇದ್ದರೆ 16.7ಕ್ಕೆ ಇಳಿಸಿ. ಆಗ ಮಿಣುಕು 50 ಆಗುತ್ತದೆ. ಫೋನಿನ ಪ್ರೋ ಮೋಡಿನಲ್ಲಿ 25 ಫ್ರೇಮ್, ಶಟರ್ 1/50, ಎಕ್ಸ್‌ಪೋಷರ್ ಲಾಕ್. ಗುಂಡಿಯನ್ನು ಕೂದಲೆಳೆಯಷ್ಟು ಆಚೀಚೆ ತಿರುಗಿಸುತ್ತಾ ಹೋದರೆ ಒಂದು ಕಡೆ ಮಿಣುಕು ತಟ್ಟನೆ ನಿಲ್ಲುತ್ತದೆ. ಆ ಕ್ಷಣಕ್ಕೆ ನಾನು ಚಪ್ಪಾಳೆ ಹೊಡೆದಿದ್ದೆ.

ಇದಕ್ಕಿಂತ ಒಳ್ಳೆಯದು ಒಂದೊಂದೇ ಚಿತ್ರ ಹಿಡಿಯುವ ಚಿಕ್ಕ ರೀಲ್ ಸ್ಕ್ಯಾನರ್. ನಾಲ್ಕು ಮನೆಯವರು ಸೇರಿ ಒಂದು ತಗೊಂಡರೆ ಆಗುತ್ತದೆ, ನಾವು ಹಾಗೇ ಮಾಡಿದೆವು. ಸೆಕೆಂಡಿಗೆ ಎರಡು ಚಿತ್ರ ಹಿಡಿಯುವ ಮೆಷಿನ್ನಾದರೆ 50 ಅಡಿ ರೀಲಿಗೆ ಅರ್ಧ ಗಂಟೆ. ಬಿಟ್ಟು ಎದ್ದು ಹೋಗಬೇಡಿ. ಹಳೇ ಅಂಟು ಬಿಟ್ಟುಕೊಂಡು ನಡುವೆ ಫಿಲ್ಮು ಕಳಚಿದರೆ ಉಳಿದದ್ದೆಲ್ಲ ನೆಲದ ಮೇಲೆ ಶಾವಿಗೆಯಂತೆ ಬಿದ್ದಿರುತ್ತದೆ. ಅಂಟು ಸಡಿಲವಿರುವ ಕಡೆ ಮುಂಚೆಯೇ ಫಿಲ್ಮ್ ಜೋಡಿಸಲೆಂದೇ ಇರುವ ಸ್ಪ್ಲೈಸಿಂಗ್ ಟೇಪ್ ಹಾಕಿ. ಸ್ಟೇಷನರಿ ಅಂಗಡಿಯ ಸೆಲೋಟೇಪ್ ಬೇಡ, ಅದರ ಅಂಟು ಒಸರಿ ರೀಲಿನ ಪಕ್ಕದ ಸುತ್ತಿಗೂ ಹಿಡಿಯುತ್ತದೆ.

ಇಂಥ ಮೆಷಿನ್ನುಗಳಲ್ಲಿ ಕೆಲವು ಫೈಲನ್ನು ಸೆಕೆಂಡಿಗೆ 20 ಫ್ರೇಮಿನಂತೆ ಬರೆಯುತ್ತವೆ. ನಮ್ಮದೂ ಹಾಗೇ. ನಮ್ಮ ಮೊದಲ ರೀಲು ತುಂಗಭದ್ರಾ ಡ್ಯಾಮಿನದು. ಗೇಟು ತೆಗೆದಿದ್ದಾರೆ, ಜನ ಕಟ್ಟೆ ಮೇಲೆ ನಡೆಯುತ್ತಿದ್ದಾರೆ, ಯಾಕೋ ಎಲ್ಲರೂ ಬಸ್ಸು ತಪ್ಪಿಹೋಗುತ್ತದೆ ಅನ್ನುವ ಅವಸರದಲ್ಲಿದ್ದಾರೆ. ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ವೇಗ 90 ಪರ್ಸೆಂಟಿಗೆ ಇಳಿಸಿದೆ, 18 ಆಯಿತು. ದೊಡ್ಡವ್ವ ತನ್ನ ನಡಿಗೆಯಲ್ಲೇ ಬಂದಳು, ಒಂದು ಕೈಯಲ್ಲಿ ಚಪ್ಪಲಿ ಹಿಡಿದುಕೊಂಡು. ರೆಗ್ಯುಲರ್ 8 ಆಗಿದ್ದರೆ 80 ಪರ್ಸೆಂಟ್, ಅದರ ವೇಗ 16. ಅನುಮಾನ ಬಂದರೆ ನಡೆಯುವ ಮನುಷ್ಯರನ್ನು ನೋಡಿ ಹೊಂದಿಸಿ.

ಹೆಸರು ಮತ್ತು ಜಾಗ

ಮೂಲ ಪ್ರತಿ ಟಿಫ್ ಆಗಿರಲಿ, ಅದು ಚಿತ್ರದ ಗುಣ ಕಳೆಯದೆ ಉಳಿಸುವ ಫೈಲು. 2400 ಡಿಪಿಐಗೆ 16 ಬಿಟ್ಟಿನ ಒಂದು ಕಲರ್ ಫೋಟೋ 46 ಎಂಬಿ ಹತ್ತಿರ ಬರುತ್ತದೆ, ಒಂದು ಹಾರ್ಡ್ ಡಿಸ್ಕ್ ಬೇಕು. ಎರಡು ತಗೊಳ್ಳಿ, ಒಂದನ್ನು ಬೇರೆ ಊರಿನ ತಂಗಿ ಮನೆಯಲ್ಲಿಡಿ. ಹಂಚಲು ಜೆಪೆಗ್ ಸಾಕು. ವಾಟ್ಸಾಪಿನಲ್ಲಿ ಫೋಟೋ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿ, ಕುಗ್ಗುವುದಿಲ್ಲ. ಫೈಲಿಗೆ ಇಸವಿ, ಊರು, ಸಂದರ್ಭ, ನಂಬರ್ ಹಾಕಿ. ಅದೇ ನಂಬರನ್ನು ಕವರಿನ ಮೇಲೆ ಪೆನ್ಸಿಲ್‌ನಲ್ಲಿ ಬರೆಯಿರಿ.

ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಸರು ಬರೆದುಕೊಳ್ಳುವುದನ್ನು ಮುಂದೂಡಬೇಡಿ. ಅವ್ವನಿಗೆ ದಿನಕ್ಕೆ ಇಪ್ಪತ್ತು ಫೋಟೋ ತೋರಿಸುತ್ತಿದ್ದೆ, ಫೋನಿನಲ್ಲಿ ಅವರ ಮಾತು ರೆಕಾರ್ಡ್ ಮಾಡುತ್ತಿದ್ದೆ. ಇಪ್ಪತ್ತಕ್ಕಿಂತ ಜಾಸ್ತಿಯಾದರೆ ಅವರಿಗೆ ಬೇಸರ. ಇಲ್ಲವೇ ಒಂದೇ ಫೋಟೋ ಮುಂದೆ ಕೂತು ಅರ್ಧ ಗಂಟೆ ಆ ಮನೆತನದ ಪೂರ್ತಿ ಕಥೆ.

ಇಳಿಸಿದ ಮೇಲೆ ನೆಗೆಟಿವ್ ಎಸೆಯಬೇಡಿ. ಹಾರ್ಡ್ ಡಿಸ್ಕ್ ಯಾವತ್ತು ಕೈಕೊಡುತ್ತದೋ ಗೊತ್ತಿಲ್ಲ. ಪಿವಿಸಿ ಕವರ್ ತೆಗೆದುಹಾಕಿ, ಪಾಲಿಪ್ರೊಪಿಲೀನ್ ಅಥವಾ ಆಮ್ಲ ಇಲ್ಲದ ಕಾಗದದ ಕವರಿಗೆ ಹಾಕಿ. ನುಸಿಗುಳಿಗೆ ಬೇಡ. ಅಟ್ಟದ ಮೇಲೆ, ಬಿಸಿಲು ಕಾಯುವ ಗೋಡೆಯ ಪಕ್ಕ ಇಡಬೇಡಿ. ಮನೆಯ ನಡುಕೋಣೆಯ ಬೀರುವಿನ ಕೆಳಗಿನ ಖಾನೆ ಒಳ್ಳೆಯದು.

ನಮ್ಮ ಏಳನೇ ರೀಲು ಇನ್ನೂ ಹಾಗೇ ಇದೆ. ವಿನೆಗರ್ ವಾಸನೆ ಬರುತ್ತಿದ್ದದ್ದು ಅದೇ. ಮೊದಲು ಅದನ್ನೇ ಇಳಿಸಿ ಅಂತ ನಿಮಗೆ ಹೇಳಿ ನಾನೇ ಕೊನೆಗೆ ಉಳಿಸಿಕೊಂಡಿದ್ದೇನೆ, ಕುಗ್ಗಿದ ಫಿಲ್ಮ್ ಮೆಷಿನ್ನಿನ ಹಲ್ಲಿಗೆ ಕೂರುತ್ತಿಲ್ಲ. ಡಬ್ಬಿ ಮೇಲೆ ಮಾವ ‘ಹಂಪಿ ತೇರು’ ಅಂತ ಬರೆದಿದ್ದಾರೆ. ಮ್ಯಾಕ್ರೋ ಲೆನ್ಸಿನಲ್ಲಿ ಒಂದೊಂದೇ ಚಿತ್ರ ಕೈಯಾರೆ ಸರಿಸಿ ತೆಗೆಯಬೇಕು, 3600 ಸಲ. ಗೆಳೆಯನಿಗೆ ಫೋನ್ ಮಾಡಿದ್ದೇನೆ, ಆಷಾಢಕ್ಕೆ ಲೆನ್ಸ್ ಕೊಡುತ್ತಾನಂತೆ.